ತಿಳಿನೀರಿನ ದಿನ

ಫೋನು ಬಂದಾಗ ಕನ್ನಡಕದವನು ಒಂದು ಗಾಜನ್ನು ಸಾಣೆಗೆ ಹಿಡಿದಿದ್ದ. ಅಂಚು ಇನ್ನೂ ಫ್ರೇಮಿಗೆ ಕೂರುವಷ್ಟು ಸವೆದಿರಲಿಲ್ಲ. ಎದುರಿಗೆ ಸ್ಟೂಲಿನ ಮೇಲೆ ಗಿರಾಕಿಯೊಬ್ಬ ಬರಿಗಣ್ಣಿನಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೆಣಗುತ್ತಿದ್ದ. ಒದ್ದೆ ಕೈಯಲ್ಲೇ ಫೋನು ಎತ್ತಿಕೊಂಡರೆ ಆ ಕಡೆ ಇಟ್ಟಿಗೆ ಗೂಡಿನ ಮೇಸ್ತ್ರಿ. ಊರಿನ ಕೆಳಗಡೆ, ತೊರೆ ತಿರುಗುವ ಜಾಗದಲ್ಲಿ ಅವನ ಗೂಡು.

"ಕನ್ನಡಕದಣ್ಣ, ನಿಮ್ಮ ಭಾವನ ದೋಣಿ ಇಲ್ಲಿ ಗಿಡದೊಳಗೆ ಸಿಕ್ಕಿಹಾಕಿಕೊಂಡಿದೆ."

"ದಡಕ್ಕೆ ಎಳೆದು ಹಾಕಿ, ನಡೆದುಕೊಂಡು ಬನ್ನಿ ಅನ್ನು ಅವರಿಗೆ. ನನಗೆ ಅಂಗಡಿ ಇದೆ."

"ಅವರೂ ದೋಣೀಲೇ ಇದ್ದಾರೆ. ಕೂಗಿದ್ವಿ. ಮಾತಾಡ್ತಿಲ್ಲ. ನೀವೇ ಬಂದರೆ ಒಳ್ಳೇದು, ಅಣ್ಣ."

ಗಾಜನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಗಿರಾಕಿಗೆ ನಾಳೆ ಬನ್ನಿ ಎಂದು ಹೇಳಿ, ಅವನು ಬಾಗಿಲು ಎಳೆದುಕೊಂಡ. ಬೀಗ ಹಾಕಿದೆನೋ ಇಲ್ಲವೋ ಎಂಬುದು ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ತಿರುವಿನಲ್ಲಿ ತೊರೆಯ ಮೇಲೆಲ್ಲ ಅಂತರಗಂಗೆ ಗಿಡ ಹಬ್ಬಿ ಕಂಬಳಿ ಹೊದಿಸಿದ ಹಾಗಿತ್ತು. ಗಿಡದ ಸಂದಿನಲ್ಲಿ ಬಣ್ಣದ ಕಾರ್ಖಾನೆಯ ನೊರೆ ನಿಂತಿತ್ತು. ಮೇಲೆ ಕಂದು, ಒಡೆದರೆ ಒಳಗೆ ನೇರಳೆ. ಅದರೊಳಗೆ ಅರ್ಧದವರೆಗೆ ತೂರಿಕೊಂಡ ದೋಣಿ. ಇಬ್ಬರು ಕೂರುವ ಸಪೂರ ಮರದ ದೋಣಿ, ಭಾವನೇ ಮಾಡಿದ್ದು. ಮುಂದಿನ ಹಲಗೆಯ ಮೇಲೆ ಭಾವ ಎಡಕ್ಕೆ ವಾಲಿ ಕುಳಿತಿದ್ದರು. ಎಡಗೈ ಮಣಿಕಟ್ಟಿನವರೆಗೆ ನೊರೆಯಲ್ಲಿ ಮುಳುಗಿತ್ತು. ಹಿಂದಿನ ಹಲಗೆಯ ಮೇಲೆ, ಕನ್ನಡಕದವನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ, ಮರಳು ತುಂಬಿದ ಗೋಣಿಚೀಲವಿತ್ತು. ಇಬ್ಬರಿಗೆಂದು ಮಾಡಿದ ದೋಣಿಯಲ್ಲಿ ಒಬ್ಬನೇ ಕುಳಿತರೆ ಇನ್ನೊಂದು ತುದಿ ಮೇಲಕ್ಕೆದ್ದುಬಿಡುತ್ತದೆ. ಚೀಲದ ತಲೆಗೆ ಭಾವ ತಮ್ಮ ಹಳೇ ಟೋಪಿಯೊಂದನ್ನು ಹಾಕಿದ್ದರು. ಅದು ತಮಾಷೆಗೆ ಹಾಕಿದ್ದು ಎಂದು ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

ಗೂಡಿನ ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ದಡದಲ್ಲೇ ನಿಂತಿದ್ದರು. ಅವನು ಇಳಿದ. ನೀರು ತೊಡೆಯವರೆಗೆ ಬಂತು. ಕಾಲಿಗೆ ಮೆತ್ತಗಿನದೇನೋ ಸುತ್ತಿಕೊಂಡು ಜಾರಿತು. ಕೊಳೆತ ಮೊಟ್ಟೆ, ಸೀಮೆಎಣ್ಣೆ, ಸುಟ್ಟ ಕೂದಲು, ಎಲ್ಲವೂ ಬೆರೆತ ವಾಸನೆಯೊಂದು ಗಂಟಲಿಗೇ ಇಳಿಯಿತು. ಭಾವನ ಭುಜ ಮುಟ್ಟಿ "ಭಾವ" ಎಂದು ಕರೆದ. ಭುಜ ತಣ್ಣಗಿತ್ತು. ಅವನಿಗೆ ಮೊದಲು ಬಂದದ್ದು ವಾಂತಿ. ಅಳು ಬಂದದ್ದು ಅದಾದ ಮೇಲೆ. ಆ ಕ್ರಮಕ್ಕಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಎದೆಬಡಿತ ನಿಂತುಹೋಗಿದೆ ಎಂದರು ಡಾಕ್ಟರು. ವಯಸ್ಸಾಗಿತ್ತು, ಬಿಸಿಲಿತ್ತು, ಒಬ್ಬರೇ ಹೋಗಬಾರದಾಗಿತ್ತು ಎಂದರು.

ಮನೆಗೆ ತಂದು ಮೈ ತೊಳೆಸುವಾಗ ಆ ಎಡಗೈ ಒಂದೇ ಸಮಸ್ಯೆಯಾಯಿತು. ಮಣಿಕಟ್ಟಿನಲ್ಲಿ ಗೆರೆ ಎಳೆದಂತೆ, ಅಲ್ಲಿಂದ ಕೆಳಗೆ ಕೈಯೆಲ್ಲ ಕಪ್ಪು ಬೆರೆತ ನೀಲಿ. ಉಗುರಿನ ಸಂದಿಯಲ್ಲಿ ಇನ್ನೂ ಕಡು. ಸೋಪು ಹಚ್ಚಿ ಉಜ್ಜಿದ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದ. ತನ್ನ ಅಂಗಡಿಯಿಂದ ಗಾಜು ತೊಳೆಯುವ ದ್ರಾವಣ ತಂದು ಹಚ್ಚಿದ. ಬಣ್ಣ ಕದಲಲಿಲ್ಲ. ತಮ್ಮ ಸೈಕಲ್ ರಿಪೇರಿ ಅಂಗಡಿಯ ಗ್ರೀಸನ್ನು ಭಾವ ಜೀವಮಾನವಿಡೀ ತಿಕ್ಕಿ ತಿಕ್ಕಿ ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದ ಕೈ ಅದು.

"ಬಿಡೋ," ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ಚರ್ಮ ಕಿತ್ತು ಬರುತ್ತೆ. ಹಾಗೇ ಹೋಗಲಿ."

ಹಾಗೇ ಹೋದರು.

ಮಾರನೆಯ ದಿನದಿಂದ ಮನೆಗೆ ಜನ ಬರತೊಡಗಿದರು. ಬಂದವರೆಲ್ಲ ಕೂತು, ನಿಟ್ಟುಸಿರು ಬಿಟ್ಟು, ಒಂದು ಗಳಿಗೆಯಾದ ಮೇಲೆ ಮೂಗು ಅರಳಿಸುತ್ತಿದ್ದರು. ಭಾವನ ಅಂಗಿಯನ್ನು ಎರಡು ಸಲ ಒಗೆದು ಹಿತ್ತಲಲ್ಲಿ ಹರವಿದ್ದರೂ ಆ ನಾತ ಮನೆಯೊಳಗೆ ಉಳಿದುಕೊಂಡಿತ್ತು. ಎದುರುಮನೆಯ ಮೇಷ್ಟರು ಹೊರಡುವಾಗ, "ಪಾಪ, ಆ ಚರಂಡಿಗೆ ಯಾಕೆ ಹೋಗ್ತಿದ್ದರೋ ಏನೋ. ಮೀನು ಬೇಕಾದರೆ ಮಾರ್ಕೆಟ್ಟಿನಲ್ಲಿ ಸಿಗೋದಿಲ್ವಾ?" ಎಂದರು.

ಬಣ್ಣದ ಕಾರ್ಖಾನೆಯ ಮ್ಯಾನೇಜರೂ ಬಂದ. ಕೈಯಲ್ಲಿ ದೊಡ್ಡ ಹೂವಿನ ಹಾರ, ಮೂಗಿನ ಹತ್ತಿರ ಇಸ್ತ್ರಿ ಮಾಡಿದ ಕರವಸ್ತ್ರ. "ತುಂಬಾ ಒಳ್ಳೆಯವರಿದ್ದರು. ನನ್ನ ಮಗನ ಸೈಕಲ್ಲು ಅವರೇ ರಿಪೇರಿ ಮಾಡ್ತಿದ್ದದ್ದು. ನಮ್ಮ ಕಡೆಯಿಂದ ಏನಾದರೂ ಆಗಬೇಕಿದ್ದರೆ ಸಂಕೋಚ ಪಡಬೇಡಿ ಅಮ್ಮ," ಎಂದ.

"ಆಗಬೇಕಿತ್ತು," ಎಂದಳು ಅಕ್ಕ. "ಅವರ ಒಂದು ಕೈಗೆ ನಿಮ್ಮ ಬಣ್ಣ ಹತ್ತಿತ್ತು. ಏನು ಮಾಡಿದರೂ ಹೋಗಲಿಲ್ಲ. ಅದು ಯಾವುದರಿಂದ ಹೋಗುತ್ತೆ, ಅಷ್ಟು ಹೇಳಿ."

ಮ್ಯಾನೇಜರು ಕರವಸ್ತ್ರ ಮಡಿಚಿದ. "ಅದು ಪಕ್ಕಾ ಬಣ್ಣ ಅಮ್ಮ. ಹೋಗಲ್ಲ." ಹೇಳುವಾಗ ಅವನಿಗೇ ಗೊತ್ತಾಗದಂತೆ ಧ್ವನಿಯಲ್ಲಿ ಹೆಮ್ಮೆಯೊಂದು ಇಣುಕಿತು. ಅದು ಕಿವಿಗೆ ಬಿದ್ದೊಡನೆ ಕನ್ನಡಕದವನು ಎದ್ದು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದ.

ಹಾರವನ್ನು ಅಕ್ಕ ಪಟಕ್ಕೆ ಹಾಕಲಿಲ್ಲ. ಕುರ್ಚಿಯ ಮೇಲೇ ಬಾಡಿತು.

ಜನ ಕಡಿಮೆಯಾದ ಮೇಲೆ ಅಕ್ಕ ತಮ್ಮನನ್ನು ಕೂರಿಸಿಕೊಂಡು ಕೇಳಿದಳು. ದಿನವೂ ದೀಪ ಹಚ್ಚಿ ಪ್ರಾರ್ಥನೆ ಮಾಡದೆ ಬಾಯಿಗೆ ನೀರು ಹಾಕದ ಹೆಂಗಸು ಅವಳು. ಆದರೆ ಈಗ ದೀಪದ ಮುಂದೆ ಕೂತರೆ ಮನಸ್ಸು ನಿಲ್ಲುವುದಿಲ್ಲ ಎಂದಳು.

"ಕಣ್ಣು ಮುಚ್ಚಿದರೆ ಆ ನೊರೆ ಬರುತ್ತೆ ಕಣೋ. ಆವತ್ತು ಬೆಳಿಗ್ಗೆ ಹೋಗೋವಾಗ, 'ಕಾರ್ಖಾನೆಗೆ ರಜಾ, ಇವತ್ತು ತಿಳಿನೀರಿನ ದಿನ, ಸಂಗಮ ಮುಟ್ಟಿಯೇ ಬರ್ತೀನಿ' ಅಂದರು. ಮಕ್ಕಳ ಹಾಗೆ ಕುಣಿದುಕೊಂಡು ಹೋದರು. ನಿಜ ಹೇಳು. ತಿಳಿನೀರಿನ ದಿನ ಅಂತ ಒಂದು ಇತ್ತಾ? ಇಲ್ಲಾ, ಇಷ್ಟು ವರ್ಷ ನೀವಿಬ್ಬರೂ ಸೇರಿ ನನಗೆ ಟೋಪಿ ಹಾಕ್ತಿದ್ರಾ?"

"ಇತ್ತು ಅಕ್ಕ."

"ಇದ್ದಿದ್ದರೆ ಆ ಕೈ ಹಾಗೆ ಯಾಕಾಯಿತು? ಹೊಲಸಿನಲ್ಲೇ ಹೋಗಿ ಹೊಲಸಿನಲ್ಲೇ ಸತ್ತರು ಅಂದರೆ ನಾನು ದೇವರ ಹತ್ತಿರ ಏನಂತ ಕೇಳಲಿ?"

ಆ ದಿನ ಅವನು ದೋಣಿಯಲ್ಲಿರಲಿಲ್ಲ. ಅದಕ್ಕೆ ಹಿಂದಿನ ರಜೆಯ ದಿನ, ಗಾಳಕ್ಕೆ ಊದಿಕೊಂಡ ನಾಯಿಯ ಹೆಣ ಸಿಕ್ಕಿ, ಬಿಡಿಸಲು ಇವನು ದಾರ ಎಳೆದಾಗ ಅದರ ಚರ್ಮ ಕಿತ್ತು ಬಂದಿತ್ತು. "ಸಾಕು ಭಾವ. ಈ ಗಟಾರಕ್ಕೆ ನಾನಿನ್ನು ಬರಲ್ಲ," ಎಂದಿದ್ದ. "ಗಟಾರ ಅನ್ನಬೇಡವೋ. ಕಾಯಿಲೆ ಬಿದ್ದಿದೆ ಅನ್ನು," ಎಂದಿದ್ದರು ಭಾವ.

ಅವರಿಬ್ಬರೂ ಯೌವನದಲ್ಲಿ ಹಳೇ ಸೇತುವೆಯಿಂದ, ತೊರೆ ಹೊಳೆಗೆ ಸೇರುವ ಸಂಗಮದವರೆಗೆ ಆ ತೊರೆಯಲ್ಲಿ ದೋಣಿ ಬಿಟ್ಟವರು. ಆಗ ದಾಹವಾದರೆ ಬಗ್ಗಿ ಅಂಗೈಯಲ್ಲಿ ನೀರು ಕುಡಿದು ಮುಂದೆ ಹೋಗುತ್ತಿದ್ದರು. ಆಮೇಲೆ ಸೇತುವೆಯ ಮೇಲ್ಗಡೆ ಬಣ್ಣದ ಕಾರ್ಖಾನೆ ಬಂತು. ಮೀನು ಹಿಡಿಯುವವರು ಒಬ್ಬೊಬ್ಬರಾಗಿ ಗಾಳದ ಕೋಲನ್ನು ಅಟ್ಟಕ್ಕೆ ಹಾಕಿದರು. ಇವರಿಬ್ಬರು ಮಾತ್ರ ಒಂದು ಉಪಾಯ ಕಂಡುಕೊಂಡರು. ವಾರದ ರಜೆಯ ದಿನ ಕಾರ್ಖಾನೆ ನೀರು ಬಿಡುವುದಿಲ್ಲ. ಬೆಳಗಾಗುವಾಗ ಸೇತುವೆಯ ಮೇಲೆ ನಿಂತು ನೋಡಿದರೆ ಕಪ್ಪು ನೀರು ಮುಗಿದು ತಿಳಿನೀರು ಶುರುವಾಗುವ ಗೆರೆ ಕಾಣುತ್ತದೆ, ಮೆರವಣಿಗೆಯ ಕೊನೆಯ ಮನುಷ್ಯ ದಾಟಿ ಹೋದ ಹಾಗೆ. ಆ ಗೆರೆ ದಾಟಿದ ಮೇಲೆ ದೋಣಿ ಇಳಿಸಬೇಕು. ಪಕ್ಕದ ಕೊರಕಲುಗಳಲ್ಲಿ ಅಡಗಿದ್ದ ಮೀನುಗಳು ಕಪ್ಪು ನೀರು ದಾಟಿದ ಕೂಡಲೇ ಹಸಿದು ಹೊರಗೆ ಬರುತ್ತವೆ. ಕಚ್ಚಿದರೆ ಆಗಲೇ ಕಚ್ಚಬೇಕು. ಹಾಗಾಗಿ ಕಪ್ಪು ನೀರಿನ ಬಾಲ ಹಿಡಿದು, ಆದರೆ ಬಾಲ ತುಳಿಯದೆ, ಹೋಗಬೇಕು. ಭಾವ ಮುಂದೆ ಕೂತು ಗಾಳ ಎಸೆಯುವುದು, ಕನ್ನಡಕದವನು ಹಿಂದೆ ಕೂತು ಹುಟ್ಟನ್ನು ನೀರಿಗೆ ಅಡ್ಡ ಹಿಡಿದು ದೋಣಿಯನ್ನು ತಡೆಯುವುದು. ಭಾವನಿಗೆ ಯಾವಾಗಲೂ ಅವಸರ. "ಇನ್ನೊಂದು ಸಲ ಹುಟ್ಟು ಹಾಕೋ, ಅಲ್ಲಿ ನೋಡು ನೆಗೆಯಿತು" ಎನ್ನುತ್ತಿದ್ದರು. ಇವನು ಹಾಕುತ್ತಿರಲಿಲ್ಲ. ಊರಿನವರಿಗೆ ಅವನು ಕನ್ನಡಕದವನು. ಸೈಕಲ್ ರಿಪೇರಿಯ ಭಾವನಿಗೆ ಮಾತ್ರ 'ನಮ್ಮ ಬ್ರೇಕು'.

ಹೀಗೆ ಅರ್ಧ ದಾರಿ, ಮುಕ್ಕಾಲು ದಾರಿ ಹೋಗಿ ಬಂದಿದ್ದರೇ ಹೊರತು ಸಂಗಮ ಮತ್ತೆ ಮುಟ್ಟಿರಲಿಲ್ಲ.

ದೋಣಿಯನ್ನು ಮೇಸ್ತ್ರಿ ಗಾಡಿಯಲ್ಲಿ ಹೇರಿ ಸೈಕಲ್ ಅಂಗಡಿಯ ಹಿಂದೆ ಇಳಿಸಿ ಹೋಗಿದ್ದ. "ಆ ದರಿದ್ರವನ್ನು ಒಡೆದು ಸುಟ್ಟುಹಾಕು," ಎಂದಿದ್ದಳು ಅಕ್ಕ. ಒಂದು ಮಧ್ಯಾಹ್ನ ಕನ್ನಡಕದವನು ಕೊಡಲಿ ಹಿಡಿದು ಹೋದ. ಅಂಗಡಿಯೊಳಗೆ ಚಕ್ರಗಳು, ಪಂಕ್ಚರಿನ ತೊಟ್ಟಿ, ತೊಟ್ಟಿಯ ನೀರಿನಲ್ಲಿ ಸತ್ತ ನೊಣಗಳು. ಹಿಂದಿನ ಅಂಗಳದಲ್ಲಿ ದೋಣಿ. ಒಡೆಯಲು ಅನುಕೂಲವಾಗಲೆಂದು ಅದನ್ನು ಬೋರಲು ಹಾಕಿದ.

ಕೊಡಲಿ ಎತ್ತಿದವನು ಹಾಗೇ ನಿಂತ. ದೋಣಿಯ ಮೂತಿಯಿಂದ ಸುಮಾರು ನಡುವಿನವರೆಗೆ ಅಡಿಮರ ಭಾವನ ಕೈಯ ಹಾಗೆಯೇ ಕಪ್ಪುನೀಲಿಯಾಗಿತ್ತು. ಅಲ್ಲಿಂದ ಹಿಂದಕ್ಕೆ ಮರ ಮರದ ಬಣ್ಣದಲ್ಲೇ ಇತ್ತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಹಿಂಬದಿಯನ್ನು ಬೆರಳಿನಿಂದ ಉಜ್ಜಿದ. ಬರೀ ಧೂಳು.

ಹಿಂದಿನಿಂದ ಕಪ್ಪು ನೀರು ಬಂದಿದ್ದರೆ ಹಿಂಬದಿಯೂ ಕಪ್ಪಾಗಬೇಕಿತ್ತು. ಸೇತುವೆಯಿಂದಲೇ ಹೊಲಸಿನಲ್ಲಿ ಹೊರಟಿದ್ದರೆ ಇಡೀ ದೋಣಿ ಕಪ್ಪಾಗಬೇಕಿತ್ತು. ಭಾವ ತಿಳಿನೀರಿನಲ್ಲೇ ಹೊರಟಿದ್ದರು. ದಾರಿಯುದ್ದಕ್ಕೂ ತಿಳಿನೀರು ಅವರ ಜೊತೆಗೇ ಹರಿದಿತ್ತು. ಸುಮ್ಮನೆ ಕೂತಿದ್ದರೆ ಸಂಗಮದವರೆಗೂ ಹರಿಯುತ್ತಿತ್ತು. ಆದರೆ ಹಿಂದೆ ತಡೆಯುವವನಿಲ್ಲದೆ, ಮರಳಿನ ಚೀಲ ಕೂರಿಸಿಕೊಂಡು, ಅವರು ಹುಟ್ಟು ಹಾಕಿದ್ದರು, ಜೋರಾಗಿ ಹಾಕಿದ್ದರು. ಮುಂದೆ ಹೋಗುತ್ತಿದ್ದ ಹೊಲಸನ್ನು ತಾವೇ ಅಟ್ಟಿಸಿಕೊಂಡು ಹೋಗಿ ಹಿಡಿದಿದ್ದರು. ಗಿಡದಲ್ಲಿ ದೋಣಿಯ ಮೂತಿ ಹೊಕ್ಕಾಗ ಕೈಯಿಂದಲೇ ಹಿಂದಕ್ಕೆ ತಳ್ಳಿಕೊಳ್ಳಲು ನೋಡಿದ್ದರು. ತಿಳಿನೀರು ಅವರ ಬೆನ್ನ ಹಿಂದೆಯೇ ಇತ್ತು.

ಅವನು ಕೊಡಲಿ ಕೆಳಗಿಟ್ಟು ಬೋರಲು ದೋಣಿಯ ಮೇಲೆ ಕುಳಿತುಕೊಂಡ.

ಸಂಜೆ ಅಕ್ಕನಿಗೆ ಹೇಳಿದಾಗ ಅವಳು ನಂಬಲಿಲ್ಲ. ಬಂದು ದೋಣಿ ನೋಡಿದಳು. ಕಪ್ಪು ಮುಗಿಯುವ ಕಡೆ ಕೈಯಿಟ್ಟಳು.

"ಅಂದರೆ ಅವರು ಸುಳ್ಳು ಹೇಳಿರಲಿಲ್ಲ."

"ಇಲ್ಲ."

"ನೀನು ಹಿಂದೆ ಕೂತಿದ್ದರೆ?"

ಅವನು ತಲೆ ತಗ್ಗಿಸಿದ. "ಅವರು ಹೇಳಿದ ಆ ನಾಯಿಯ ಹೆಣ ನನ್ನ ಕೈಗೆ ಸಿಕ್ಕಿದ್ದರೆ ನಾನೂ ಹೋಗ್ತಿರಲಿಲ್ಲ, ಬಿಡು," ಎಂದಳು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು. "ಮುಂದಿನ ರಜಾ ದಿನ ನನ್ನನ್ನು ಕರೆದುಕೊಂಡು ಹೋಗು. ನಾನೇ ನೋಡಬೇಕು."

"ನಿನಗೆ ಆಗಲ್ಲ ಅಕ್ಕ. ವಾಸನೆ ಅಂದರೆ ವಾಸನೆ."

"ಎರಡು ಸಲ ಆ ಅಂಗಿ ಒಗೆದದ್ದು ಯಾರು, ನೀನಾ?"

ಆ ದಿನ ನಸುಕಿನಲ್ಲಿ ಸೇತುವೆಯ ಕೆಳಗೆ ಇಬ್ಬರೂ ಕಾದು ನಿಂತರು. ಕಪ್ಪು ನೀರು ಹೋಯಿತು, ನೊರೆ ಹೋಯಿತು, ಗೆರೆ ದಾಟಿತು. ಅವನು ದೋಣಿ ಇಳಿಸಿ ಅವಳ ಕೈ ಹಿಡಿದುಕೊಂಡ. ಅಕ್ಕ ಒಂದು ಕಾಲು ಒಳಗಿಟ್ಟು, ದೋಣಿ ಅಲುಗಿದ್ದಕ್ಕೆ ಅವನ ಭುಜ ಹಿಡಿದಳು.

"ಮದುವೆಯಾದಾಗಿನಿಂದ ಇವಳನ್ನು ಸವತಿ ಅಂತಿದ್ದೆ. ಕೊನೆಗೂ ಇವಳ ತೊಡೆ ಮೇಲೆ ಕೂರೋ ಹಾಗಾಯಿತು ನೋಡು."

"ಅಲುಗಾಡಬೇಡ. ಮುಗುಚಿದರೆ ಸವತಿ ಇಬ್ಬರನ್ನೂ ಬಿಡಲ್ಲ."

ಅವಳು ಭಾವನ ಹಲಗೆಯ ಮೇಲೆ ಕುಳಿತಳು. ಅವನು ಹಿಂದೆ ಕುಳಿತ. ಮರಳಿನ ಚೀಲವನ್ನು ದಡದಲ್ಲೇ ಬಿಟ್ಟರು.

ಅವನು ಹುಟ್ಟು ಹಾಕಲಿಲ್ಲ. ನೀರೇ ಒಯ್ಯುತ್ತಿತ್ತು. ತೊರೆ ನೇರವಾಗಿ ಹರಿಯುವ ಕಡೆ ಮುಂದೆ ದೂರದಲ್ಲಿ ಕಪ್ಪು ನೀರಿನ ಬಾಲ, ಅದರ ಮೇಲೆ ನೊರೆಯ ಗುಡ್ಡೆಗಳು ಕಾಣುತ್ತಿದ್ದವು. ಎರಡೂ ದಡದ ಕೊಂಬೆಗಳಿಗೆ ಹೋದ ಮಳೆಗಾಲದ ಪ್ಲಾಸ್ಟಿಕ್ ಚೀಲಗಳು ನೇತುಬಿದ್ದಿದ್ದವು. ಒಂದು ಕಡೆ ಮಾಂಸದ ಅಂಗಡಿಗಳ ಸಾಲಿನ ಕೊಳವೆಯಿಂದ ಕೊಬ್ಬು ಗಟ್ಟಿಯಾಗಿ ಇಳಿದು ಮೇಣದಂತೆ ನಿಂತಿತ್ತು. ಇನ್ನೊಂದು ಕಡೆ ಯಾರೋ ಕೂದಲ ಮೂಟೆಯನ್ನು ಸುರಿದಿದ್ದರು. ಅದು ನೀರಿನೊಳಗೆ ಜೀವವಿರುವಂತೆ ಅಲೆಯುತ್ತಿತ್ತು. ಅಕ್ಕ ಉಗುಳು ನುಂಗಿದಳು, ಮತ್ತೆ ನುಂಗಿದಳು, ಕೊನೆಗೆ ಪಕ್ಕಕ್ಕೆ ಬಗ್ಗಿ ಉಗುಳಿದಳು.

"ಇದನ್ನಾ ನೀವು ತಿಳಿನೀರು ಅಂತಿದ್ದದ್ದು? ಥೂ!"

"ತಳ ಕಾಣ್ತಿದೆ ನೋಡು."

"ತಳದಲ್ಲಿ ಟೈರು ಕಾಣ್ತಿದೆ."

"ಟೈರು ಕಾಣೋದೇ ಹೆಚ್ಚು ಅಂತಿದ್ದರು ಭಾವ. ನನ್ನ ಅಂಗಡಿಯದೇ ಇರಬೇಕು, ಹತ್ತಿರ ಬಿಡು, ಗುರುತು ಹಿಡೀತೀನಿ ಅನ್ನೋರು."

ಅಕ್ಕ ನಕ್ಕಳೋ ಅತ್ತಳೋ ಹಿಂದಿನಿಂದ ಅವನಿಗೆ ಕಾಣಲಿಲ್ಲ. ಬೆನ್ನು ಮಾತ್ರ ಅಲುಗಿತು. ಆಮೇಲೆ ಅವಳು ನೀರಿನ ಕಡೆಗೇ ನೋಡುತ್ತಾ ಕುಳಿತಳು. ಕೊರಕಲೊಂದರ ಬಾಯಿಂದ ಬೆರಳುದ್ದದ ಒಂದು ಮೀನು ಹೊರಬಂತು. ಅದರ ಪಕ್ಕೆಯಲ್ಲಿ ಒಂದು ಕೆಂಪು ಹುಣ್ಣು ಬಾಯಿ ಬಿಟ್ಟಿತ್ತು. ಅದು ದೋಣಿಯ ನೆರಳಿಗೆ ಹೆದರದೆ, ಬಾಲ ಬಡಿಯುತ್ತ, ಹರಿವಿಗೆ ಎದುರಾಗಿ ಒಂದೇ ಜಾಗದಲ್ಲಿ ನಿಂತಿತು.

"ಅಯ್ಯೋ, ಹೇಸಿಗೆ," ಎಂದಳು ಅಕ್ಕ. ಮುಖ ತಿರುಗಿಸಲಿಲ್ಲ. ಮೀನು ಕಣ್ಣಿಗೆ ಮರೆಯಾಗುವವರೆಗೂ ಕತ್ತು ಹೊರಳಿಸಿ ನೋಡಿದಳು.

ನೀರು ಸ್ವಲ್ಪ ಇಳಿಜಾರಿಗೆ ಬಂದಾಗ ದೋಣಿ ಓಡತೊಡಗಿತು. ಮುಂದಿನ ಕಪ್ಪು ಗೆರೆ ದೊಡ್ಡದಾಯಿತು.

"ಹತ್ತಿರ ಬಂತು ಕಣೋ! ಹತ್ತಿರ ಬಂತು!"

ಅವನು ಹುಟ್ಟನ್ನು ನೀರಿಗೆ ಅಡ್ಡ ಇಳಿಸಿ ಎರಡೂ ಕೈಯಿಂದ ಹಿಡಿದ. ಹಳೇ ನೋವು ಭುಜಕ್ಕೆ ಬಂತು. ದೋಣಿ ಮಣಿಯಿತು. ಗೆರೆ ಮತ್ತೆ ದೂರ ಸರಿಯಿತು. ಅಕ್ಕ ಹಿಂದಕ್ಕೆ ತಿರುಗಿ ಹುಟ್ಟನ್ನು ನೋಡಿದಳು, ಅವನ ಕೈ ನೋಡಿದಳು.

"ಇಷ್ಟೇನಾ?"

"ಇಷ್ಟೇ ಅಕ್ಕ."

ತಿರುವಿನಲ್ಲಿ ಅಂತರಗಂಗೆ ಇರಲಿಲ್ಲ. ವರ್ಷಗಟ್ಟಲೆ ಪುರಸಭೆಗೆ ಅರ್ಜಿ ಕೊಟ್ಟರೂ ಆಗದಿದ್ದ ಕೆಲಸ ಒಂದು ಹೆಣ ಸಿಕ್ಕ ಮೇಲೆ ಆಗಿತ್ತು. ಕಿತ್ತ ಗಿಡವನ್ನೆಲ್ಲ ದಡದ ಮೇಲೆ ರಾಶಿ ಹಾಕಿ ಹೋಗಿದ್ದರು. ಅದು ಕೊಳೆತು ಕರಗಿ ಮತ್ತೆ ತೊರೆಗೇ ಇಳಿಯುತ್ತಿತ್ತು, ಅದರ ಮೇಲೆ ನೊಣಗಳ ಮೋಡ. ಗೂಡಿನ ಮೇಸ್ತ್ರಿ ಇಟ್ಟಿಗೆ ಜೋಡಿಸುತ್ತಿದ್ದವನು ಇವರನ್ನು ಕಂಡು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ.

"ಇಲ್ಲೇ," ಎಂದ ಕನ್ನಡಕದವನು.

ಅವನು ಹುಟ್ಟನ್ನು ತಳಕ್ಕೆ ಊರಿ ದೋಣಿಯನ್ನು ನಿಲ್ಲಿಸಿದ. ಮುಂದೆ ಕಪ್ಪು ನೀರು ತನ್ನ ಪಾಡಿಗೆ ತಿರುವು ಸುತ್ತಿ ಮರೆಯಾಯಿತು. ಇವರ ಸುತ್ತ ನೀರು ಬೂದಿಯ ಬಣ್ಣದಲ್ಲಿ ನಿಧಾನವಾಗಿ ಹರಿಯುತ್ತಿತ್ತು, ತಳದ ಇಟ್ಟಿಗೆ ಚೂರುಗಳು ಕಾಣುತ್ತಿದ್ದವು.

ಅಕ್ಕ ಎಡಕ್ಕೆ ವಾಲಿ, ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಎಡಗೈಯನ್ನು ಮಣಿಕಟ್ಟಿನವರೆಗೆ ನೀರಿಗೆ ಇಳಿಸಿದಳು. ಅವಳ ಮುಖ ಕಿವುಚಿಕೊಂಡಿತು. ಕೈ ತೆಗೆಯಲಿಲ್ಲ. ಬೆರಳ ಸಂದಿನಲ್ಲಿ ನೀರು ಹರಿಯಗೊಟ್ಟಳು. ಹೊರಗೆ ತೆಗೆದು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೈ ಕೈಯ ಬಣ್ಣದಲ್ಲೇ ಇತ್ತು. ಮೂಸಿ ನೋಡಿ, "ಥೂ" ಎಂದಳು. ಮತ್ತೆ ಅದೇ ಕೈಯನ್ನು ನೀರಿಗೆ ಇಳಿಸಿ ಕಣ್ಣು ಮುಚ್ಚಿದಳು. ಹಿಂದೆ ಕೂತವನಿಗೂ ಕೇಳುವಷ್ಟು ಜೋರಾಗಿ, ದಿನವೂ ದೀಪದ ಮುಂದೆ ಮಾತಾಡುವ ಹಾಗೆಯೇ ಮಾತಾಡಿದಳು.

"ದೇವರೇ, ನನ್ನ ಯಜಮಾನರಿಗೆ ಅವಸರ ಜಾಸ್ತಿ. ನಿನ್ನ ಹತ್ತಿರಕ್ಕೂ ಓಡಿಕೊಂಡೇ ಬಂದಿರ್ತಾರೆ. ಬೇಜಾರು ಮಾಡಿಕೊಳ್ಳಬೇಡ, ಹತ್ತಿರ ಕರೆದು ಕೂರಿಸಿಕೋ. ಅವರಿಗೆ ಶಾಂತಿ ಕೊಡು. ಆ ಎಡಗೈ ಒಂದನ್ನು ನಮ್ಮಿಂದ ತೊಳೆಯೋಕೆ ಆಗಲಿಲ್ಲ. ಅದನ್ನು ನೀನೇ ತೊಳೆದುಬಿಡು."